ಬೆಣ್ಣೆದೋಸೆ ಆಯಿತು, ಚಿತ್ರ ನೋಡುವುದು ಯಾವಾಗ?

ದಾವಣಗೆರೆಗೆ ಹೋಗಿ ಬಂದ ನಮ್ಮ ಬಸವಾಪಟ್ಟಣದವರನ್ನು ಏನು ಮಾಡಿ ಬಂದಿರಿ ಅಂತ ಕೇಳಿ ನೋಡಿ. ಅಂಗಡಿಗೆ ಮಾಲು ತಂದೆವು, ಡಾಕ್ಟರಿಗೆ ತೋರಿಸಿದೆವು, ಮದುವೆ ಜವಳಿ ತೆಗೆದೆವು, ಬೆಣ್ಣೆದೋಸೆ ತಿಂದೆವು ಅನ್ನುತ್ತಾರೆ. ಅದೇ ಊರಿನಲ್ಲಿ 1964ರಿಂದ ಸರಕಾರದ್ದೇ ಒಂದು ಚಿತ್ರಕಲಾ ಶಾಲೆ ನಡೆದು ಬಂದಿದೆ, ಈಗ ಅದು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ, ಅಲ್ಲೊಂದು ಆರ್ಟ್ ಗ್ಯಾಲರಿಯೂ ಇದೆ ಅಂದರೆ, "ಹೌದಾ? ನಮ್ಮಂಥೋರನ್ನ ಒಳಗೆ ಬಿಡ್ತಾರಾ?" ಅಂತ ಕೇಳುತ್ತಾರೆ.

ಬಿಡ್ತಾರೆ ಸ್ವಾಮಿ. ಪ್ರದರ್ಶನವಿದ್ದ ಒಂದು ದಿನ ನಾವೇ ಹೋಗಿದ್ದೆವು. ಜೊತೆಗೆ ಬಸ್ಸಿನಲ್ಲಿ ಸಿಕ್ಕ ನಮ್ಮೂರ ಅಡಿಕೆ ವ್ಯಾಪಾರಿಯೊಬ್ಬರನ್ನೂ ಎಳೆದುಕೊಂಡು ಹೋದೆವು. ಚಪ್ಪಲಿ ಹೊರಗೆ ಬಿಡಬೇಕೋ ಅಂತ ಬಾಗಿಲಲ್ಲೇ ಅನುಮಾನಿಸಿದ ಯಜಮಾನರು, ಒಳಗೆ ಹೋದ ಮೇಲೆ ಒಂದು ಚಿತ್ರದ ಮುಂದೆ ನಿಂತವರು ಕದಲಲೇ ಇಲ್ಲ. ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುವ ಚಿತ್ರ. "ಕೈ ಚೆನ್ನಾಗಿ ಬರೆದವ್ನೆ. ಆದ್ರೆ ಕತ್ತಿ ಇಟ್ಟಿರೋ ರೀತಿ ಸರಿಯಿಲ್ಲ, ಹಿಂಗೆ ಸುಲಿದ್ರೆ ಬೆರಳು ಹೋಗುತ್ತೆ" ಅಂದರು. ಬರೆದ ಹುಡುಗ ಅಲ್ಲೇ ನಿಂತಿದ್ದ. ಹತ್ತಿರ ಬಂದು, ಹೇಗೆ ಇಡಬೇಕು ಅಂತ ಕೇಳಿ ತಿಳಿದುಕೊಂಡ. ಪತ್ರಿಕೆಗಳಲ್ಲಿ ಬರುವ ಎಷ್ಟೋ ಕಲಾವಿಮರ್ಶೆಗಿಂತ ಈ ಮಾತು ವಾಸಿ ಅನ್ನಿಸಿತು ನಮಗೆ.

ನೋಡುವ ಕಣ್ಣು ನಮ್ಮವರಿಗೆ ಇಲ್ಲ ಅನ್ನುವಂತಿಲ್ಲ. ನೆಂಟರು ಬಂದರೆ ಸಂತೇಬೆನ್ನೂರಿನ ಪುಷ್ಕರಣಿ ತೋರಿಸದೆ ಕಳಿಸುವುದುಂಟೆ? ಹದಿನಾರನೇ ಶತಮಾನದಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ ಆ ಹೊಂಡದ ನಡುವಿನ ಮಂಟಪವನ್ನು ಮೆಟ್ಟಿಲ ಮೇಲೆ ಕೂತು ಗಂಟೆಗಟ್ಟಲೆ ನೋಡುತ್ತೇವೆ. ಅದೇ ಗೋಡೆಗೆ ಹಾಕಿದ ಚಿತ್ರ ಅಂದರೆ ಮಾತ್ರ ಅದು ಯಾರೋ ಓದಿದವರ ಬಾಬತ್ತು ಅಂದುಕೊಂಡುಬಿಟ್ಟಿದ್ದೇವೆ.

ಇದರ ನಷ್ಟ ಯಾರಿಗೆ? ಬಸ್‌ಸ್ಟ್ಯಾಂಡಿನಲ್ಲಿ ನಿಂತು ತಲೆಯೆತ್ತಿ ನೋಡಿ. ಹಿಂದೆ ಒಂದೊಂದು ಅಂಗಡಿಯ ಬೋರ್ಡಿಗೂ ಒಂದೊಂದು ಕೈಬರಹವಿತ್ತು. ಆರ್ಟಿಸ್ಟು ಏಣಿ ಹಾಕಿಕೊಂಡು ಅಕ್ಷರ ತಿದ್ದುತ್ತಿದ್ದರೆ ಕೆಳಗೆ ಹತ್ತು ಹುಡುಗರು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಎಷ್ಟೋ ಮಕ್ಕಳಿಗೆ ಮೊದಲ ಡ್ರಾಯಿಂಗ್ ಪಾಠ ಅದೇ. ಈಗೆಲ್ಲ ಫ್ಲೆಕ್ಸು. ಸರಕಾರ 2016ರಲ್ಲೇ ಅದನ್ನು ನಿಷೇಧಿಸಿತು ಅನ್ನುವುದು ಕಾಗದದ ಮಾತು. ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟರ ಹುದ್ದೆ ಎಷ್ಟೋ ಕಡೆ ಖಾಲಿ. ಹೀಗಿರುವಾಗ ಅಪ್ಪನ ಅಂಗಡಿಯ ಬಿಲ್ ಪುಸ್ತಕದ ಹಿಂದೆ ಎತ್ತಿನ ಚಿತ್ರ ಬರೆಯುವ ಹುಡುಗಿಗೆ, ಇದೂ ಒಂದು ಓದು, ಇದಕ್ಕೂ ಕಾಲೇಜಿದೆ, ಅದೂ ದಾವಣಗೆರೆಯಲ್ಲೇ ಇದೆ ಅಂತ ಹೇಳುವವರು ಯಾರು?

ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿಯವರ ಉಸ್ತುವಾರಿಗೆ ಕೊಡಲು ಸರಕಾರ ಹೊರಟಾಗ, 2016ರಲ್ಲಿ ಅಲ್ಲಿನ ಕಲಾವಿದರು ಬೀದಿಗಿಳಿದು ತಕರಾರು ತೆಗೆದರು. ಗ್ಯಾಲರಿ ತಮ್ಮದು ಅಂತ ಅವರಿಗೆ ಅನ್ನಿಸಿತ್ತು. ನಾವು ಒಂದು ಸಲವೂ ಮೆಟ್ಟಿಲು ಹತ್ತದ ಗ್ಯಾಲರಿಗೆ ನಾಳೆ ಬೀಗ ಬಿದ್ದರೆ ನಮಗೆ ಗೊತ್ತಾದರೂ ಆದೀತೆ?

ಜನ ಹೋಗದಿದ್ದರೆ ಚಿತ್ರಗಳೇ ಇಲ್ಲಿಗೆ ಬರಲಿ. ಕಾಲೇಜಿನವರನ್ನು ಕೇಳಿಕೊಂಡು, ವಿದ್ಯಾರ್ಥಿಗಳ ಒಂದು ಮೂವತ್ತು ಚಿತ್ರಗಳನ್ನು ಸಂತೆಯ ದಿನ ಬಸವಾಪಟ್ಟಣಕ್ಕೆ ತರಿಸಬಹುದು. ಬೇಕಾದದ್ದು ಶಾಲೆಯ ಒಂದು ಕೊಠಡಿ, ನಾಲ್ಕು ಟ್ಯೂಬ್‌ಲೈಟು, ಮಳೆ ಬಂದರೆ ಹೊದಿಸಲು ಒಂದು ತಾಡಪಾಲು, ಹೋಗಿ ಬರಲು ಟೆಂಪೋ ಬಾಡಿಗೆ. ಗಣಪತಿ ಚಂದಾ ಎತ್ತಿ ಅಭ್ಯಾಸವಿರುವ ನಮ್ಮ ಅಂಗಡಿ ಬೀದಿಯವರಿಗೆ ಇದೊಂದು ಲೆಕ್ಕವೇ ಅಲ್ಲ. ಅಡಿಕೆ ವ್ಯಾಪಾರಿಗಳು ಬಾಡಿಗೆಯ ಅರ್ಧ ತಾವು ಕೊಡುತ್ತೇವೆ ಅಂದಿದ್ದಾರೆ. ಕತ್ತಿ ತಿದ್ದಿದ ಚಿತ್ರವೂ ಬರಬೇಕು ಅನ್ನುವುದು ಅವರ ಷರತ್ತು. ಉಳಿದರ್ಧ ಯಾರು ಕೊಡುತ್ತೀರಿ?