ಮೂರೇ ಮಂದಿ ಕೂತು ನೋಡುವ ಸರ್ಕಸ್

ಆ ಸರ್ಕಸ್ಸಿಗೆ ಪ್ರೇಕ್ಷಕರು ಮೂರೇ ಜನ. ಅಪ್ಪ, ಅಮ್ಮ, ಒಬ್ಬಳು ಪುಟ್ಟ ಮಗಳು. ಉಳಿದ ಬೆಂಚುಗಳೆಲ್ಲ ಖಾಲಿ. ಹಳೇಕಾಲದ ಇಂಗ್ಲಿಷ್ ಮಧ್ಯಮ ವರ್ಗದವರ ಹಾಗೆ ಅಚ್ಚುಕಟ್ಟಾಗಿ ಬಟ್ಟೆ ತೊಟ್ಟು ಪಾಪ್‌ಕಾರ್ನ್ ತಿನ್ನುತ್ತಾ ಕೂತಿದ್ದಾರೆ. ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ. ರಿಂಗಿನಲ್ಲಿ ಒಬ್ಬ ಏನೋ ಮಾಡಿ ತೋರಿಸುತ್ತಾನೆ. ಮೂವರೂ ಅಂಕ ಬರೆದ ಫಲಕ ಎತ್ತುತ್ತಾರೆ. ಒಂಬತ್ತು ಬಂದರೆ ಅವನು ಬದುಕಿದ. ಸೊನ್ನೆ ಬಂದರೆ ಒಂದು ಮಿಂಚು, ಅಷ್ಟೇ. ಮತ್ತೆ ಮುಂದಿನವನು ಬರಬೇಕು.

‘ಡಾಕ್ಟರ್ ಹೂ’ ಎಂಬ ಬಿಬಿಸಿ ಧಾರಾವಾಹಿಯ ‘ದಿ ಗ್ರೇಟೆಸ್ಟ್ ಶೋ ಇನ್ ದಿ ಗ್ಯಾಲಕ್ಸಿ’ ಎಂಬ ಕಥೆಯಲ್ಲಿ ಬರುವ ದೃಶ್ಯ ಇದು. (ಹೂ ಎಂದರೆ ಇಲ್ಲಿ ಮಲ್ಲಿಗೆ, ಸೇವಂತಿಗೆ ಅಲ್ಲ, ‘ಯಾರು’ ಅಂತ. ನಮ್ಮ ಮನೆಯಲ್ಲಿ ಒಬ್ಬರು ಇನ್ನೂ ಹೂವಿನ ಡಾಕ್ಟರು ಎಂದೇ ಕರೆಯುತ್ತಾರೆ.) 1988ರ ಡಿಸೆಂಬರ್ 14ರಿಂದ 1989ರ ಜನವರಿ 4ರವರೆಗೆ ನಾಲ್ಕು ಕಂತುಗಳಲ್ಲಿ ಪ್ರಸಾರವಾಯಿತು. ಬರೆದದ್ದು ಸ್ಟೀಫನ್ ವ್ಯಾಟ್, ನಿರ್ದೇಶನ ಅಲನ್ ವೇರಿಂಗ್. ಧಾರಾವಾಹಿಯ ಪರಿಚಯ ಇಲ್ಲದವರಿಗೆ ಎರಡು ಮಾತು: 1963ರಲ್ಲಿ ಶುರುವಾದ ಇದರ ನಾಯಕ ಬೇರೆ ಗ್ರಹದವನು. ಪೊಲೀಸರ ಫೋನ್ ಪೆಟ್ಟಿಗೆಯಂತೆ ಕಾಣುವ ನೀಲಿ ಡಬ್ಬಿಯೊಂದರಲ್ಲಿ ಕಾಲ, ದೇಶ ಎರಡನ್ನೂ ದಾಟಿ ಓಡಾಡುತ್ತಾನೆ. ಸಾಯುವ ಹೊತ್ತು ಬಂದರೆ ಹೊಸ ದೇಹ ತಾಳುತ್ತಾನೆ, ಅಂದರೆ ಹೊಸ ನಟ ಬರುತ್ತಾನೆ. ಈ ಕಥೆಯಲ್ಲಿ ಏಳನೆಯ ಡಾಕ್ಟರ್, ಸಿಲ್ವೆಸ್ಟರ್ ಮೆಕಾಯ್. ಜೊತೆಗೆ ಏಸ್ ಎಂಬ ಹದಿಹರೆಯದ ಗಟ್ಟಿಗಿತ್ತಿ, ಆ ಪಾತ್ರದಲ್ಲಿ ಸೋಫಿ ಆಲ್ಡ್ರೆಡ್.

ಈಗಿನ ಗ್ರಾಫಿಕ್ಸ್ ನೋಡಿ ಅಭ್ಯಾಸವಾದವರಿಗೆ ಮೊದಲ ಹತ್ತು ನಿಮಿಷ ನಗು ಬರಬಹುದು. ಬಂದರೆ ಬರಲಿ. ಕಥೆ ಶುರುವಾಗುವುದೇ ಒಂದು ಜಾಹೀರಾತಿನಿಂದ. ಡಾಕ್ಟರನ ಪೆಟ್ಟಿಗೆಯೊಳಗೆ ಕರೆಯದೇ ಒಂದು ಪುಟ್ಟ ಯಂತ್ರ ಬಂದು ಕೂತು, ಸೆಗೊನಾಕ್ಸ್ ಗ್ರಹದ ಸೈಕಿಕ್ ಸರ್ಕಸ್ಸಿಗೆ ಬನ್ನಿ ಎಂದು ಪ್ರಚಾರ ಮಾಡುತ್ತದೆ. ಏಸ್‌ಗೆ ಜೋಕರ್‌ಗಳೆಂದರೆ ಆಗುವುದಿಲ್ಲ. ಆ ಯಂತ್ರಕ್ಕೆ ಅದೂ ಗೊತ್ತು! ಹೆದರಿಕೆಯಾ ಎಂದು ಕೆಣಕುತ್ತದೆ, ಹುಡುಗಿ ರೇಗಿ ಹೊರಟೇ ಬಿಡುತ್ತಾಳೆ. ದಿನಕ್ಕೆ ಇಪ್ಪತ್ತು ಸಲ ಫೋನಿನಲ್ಲಿ ಸಾಲ ಬೇಕೇ ಎಂದು ಕೇಳಿಸಿಕೊಳ್ಳುವ ನಮಗೆ ಇದು ಮೂವತ್ತೈದು ವರ್ಷ ಹಿಂದಿನ ಕಲ್ಪನೆ ಅನ್ನಿಸುವುದಿಲ್ಲ.

ಗ್ರಹವೋ, ಬರೀ ಮರಳು, ಬಿಸಿಲು. (ಚಿತ್ರೀಕರಣ ನಡೆದದ್ದು ಇಂಗ್ಲೆಂಡಿನ ಡಾರ್ಸೆಟ್‌ನ ವಾರ್ಮ್‌ವೆಲ್ ಕ್ವಾರಿಯಲ್ಲಿ. ಆ ಕಾಲದ ಬಿಬಿಸಿಗೆ ಎಲ್ಲಾ ಗ್ರಹಗಳೂ ಕ್ವಾರಿಗಳೇ.) ಬಯಲಿನ ನಡುವೆ ಒಂಟಿ ಡೇರೆ. ಬಾಗಿಲಲ್ಲಿ ಕಣಿ ಹೇಳುವ ಮೊರ್ಗಾನಾ ಟಿಕೆಟ್ ಕೊಡುತ್ತಾಳೆ. ಒಳಗೆ ರಿಂಗ್ ಮಾಸ್ಟರ್ ರ್‍ಯಾಪ್ ಶೈಲಿಯಲ್ಲಿ ಪ್ರಾಸ ಕಟ್ಟಿ ಸ್ವಾಗತಿಸುತ್ತಾನೆ. ನೋಡಲು ಬಂದವರಿಗೆಲ್ಲ ಬೇಗನೇ ಗೊತ್ತಾಗುವ ವಿಷಯ, ಇಲ್ಲಿ ನೋಡುವ ಅವಕಾಶ ಇರುವುದು ಆ ಮೂವರಿಗೆ ಮಾತ್ರ. ಟಿಕೆಟ್ ತಗೊಂಡವರೆಲ್ಲ ಆಡಲೇಬೇಕು.

ಭಯ ಹುಟ್ಟಿಸುವುದರಲ್ಲಿ ಮೊದಲ ಬಹುಮಾನ ಮುಖ್ಯ ಜೋಕರ್‌ನಿಗೆ. ಇಯಾನ್ ರೆಡಿಂಗ್ಟನ್ ಎಂಬ ನಟ. ಬಿಳಿ ಬಳಿದ ಮುಖ, ಮೆತ್ತಗಿನ ದನಿ, ಗಾಳಿಯಲ್ಲಿ ಬೆರಳಾಡಿಸುವ ಒಂದು ನಾಜೂಕಿನ ಸನ್ನೆ. ಇಡೀ ಕಥೆಯಲ್ಲಿ ಇವನು ಕಿರುಚಿದ್ದು ಕಡಿಮೆ. ತಪ್ಪಿಸಿಕೊಂಡ ಕಲಾವಿದರನ್ನು ಹುಡುಕಲು ಆಕಾಶಕ್ಕೆ ಗಾಳಿಪಟ ಬಿಡುತ್ತಾನೆ, ಹೆಣ ಸಾಗಿಸುವ ಕಪ್ಪು ಕಾರಿನಲ್ಲಿ ಮೆಲ್ಲಗೆ ಹಿಂಬಾಲಿಸುತ್ತಾನೆ. ಮಕ್ಕಳಿಗೆ ಪ್ರಿಯವಾದ ಎರಡು ವಸ್ತು, ಜೋಕರ್ ಮತ್ತು ಗಾಳಿಪಟ. ಎರಡನ್ನೂ ಪೊಲೀಸ್ ಕೆಲಸಕ್ಕೆ ಹಚ್ಚಿದ್ದಾರೆ. ನನ್ನನ್ನು ಹಿಡಿದು ಕೂರಿಸಿದ್ದು ಇದೇ.

ಸರ್ಕಸ್ ಡೇರೆ ಯಾಕೆ ದುಂಡಗಿರುತ್ತದೆ ಅಂತ ಯೋಚಿಸಿದ್ದೀರಾ? ಫಿಲಿಪ್ ಆಸ್ಟ್ಲಿ ಎಂಬ ಮಾಜಿ ಅಶ್ವದಳದ ಸೈನಿಕ 1768ರಲ್ಲಿ ಲಂಡನ್ನಿನಲ್ಲಿ ಕುದುರೆ ಆಟ ಶುರು ಮಾಡಿದ. ಕುದುರೆ ವೃತ್ತದಲ್ಲಿ ಓಡಿದರೆ ಅದರ ಬೆನ್ನ ಮೇಲೆ ನಿಂತವನಿಗೆ ಸಮತೋಲ ಸುಲಭ. ಆಮೇಲೆ 42 ಅಡಿ ಅಡ್ಡಳತೆಯ ರಿಂಗ್ ಎಂಬುದು ಎಲ್ಲ ಕಡೆ ಕಾಯಂ ಆಯಿತು. ನಮ್ಮಲ್ಲೂ ಮೊದಲ ಸರ್ಕಸ್ ಕಟ್ಟಿದವರು ಕುದುರೆಯವರೇ. ಕುರುಂದವಾಡ ಸಂಸ್ಥಾನದಲ್ಲಿ ಕುದುರೆ ಪಳಗಿಸುತ್ತಿದ್ದ ವಿಷ್ಣುಪಂತ ಛತ್ರೆ ತನ್ನ ಗ್ರೇಟ್ ಇಂಡಿಯನ್ ಸರ್ಕಸ್ಸಿನ ಮೊದಲ ಆಟ ಆಡಿಸಿದ್ದು 1880ರ ಮಾರ್ಚಿನಲ್ಲಿ, ನಮ್ಮ ಮುಂಬಯಿಯಲ್ಲಿ. ನಾಟಕದ ರಂಗಕ್ಕೆ ಒಂದು ಹಿಂಬದಿ ಇದೆ, ಆಡುವವನು ತಿರುಗಿ ನಿಂತು ಬೆವರು ಒರೆಸಿಕೊಳ್ಳಬಹುದು. ರಿಂಗಿನಲ್ಲಿ ಅದಿಲ್ಲ, ಸುತ್ತ ಕಣ್ಣು. ವ್ಯಾಟ್ ಆ ಸುತ್ತಲಿನ ಕಣ್ಣುಗಳನ್ನೆಲ್ಲ ತೆಗೆದು ಮೂರು ಜೊತೆ ಮಾತ್ರ ಉಳಿಸಿದ್ದಾರೆ. ಸಾವಿರ ಜನರ ಎದುರು ಸೋತರೆ ಯಾರೋ ಒಬ್ಬರಾದರೂ ಅಯ್ಯೋ ಪಾಪ ಅಂದಾರು. ಮೂವರ ಎದುರು ಸೋತರೆ?

ಸರ್ಕಸ್ಸಿನ ಜನ ಹುಟ್ಟಾ ದುಷ್ಟರಲ್ಲ ಎಂಬುದು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ನನಗೆ ಕಥೆಯ ಜೀವ ಇರುವುದು ಇಲ್ಲಿ. ಅವರು ಹಿಪ್ಪಿಗಳ ಒಂದು ತಂಡ. ಬಣ್ಣ ಬಳಿದ ಬಸ್ಸಿನಲ್ಲಿ ಗ್ರಹದಿಂದ ಗ್ರಹಕ್ಕೆ ಹೋಗಿ, ಖುಷಿಗಾಗಿ ಆಡುತ್ತಿದ್ದವರು. ಫ್ಲವರ್‌ಚೈಲ್ಡ್, ಬೆಲ್‌ಬಾಯ್, ಕಿಂಗ್‌ಪಿನ್, ಹೆಸರುಗಳೇ ಹಾಗಿವೆ. ಯಾವುದೋ ಮಹಾಶಕ್ತಿಯನ್ನು ಹುಡುಕಿ ಸೆಗೊನಾಕ್ಸ್‌ಗೆ ಬಂದರು, ಆ ಶಕ್ತಿ ಇವರನ್ನು ಹಿಡಿದುಕೊಂಡಿತು. ಇವರನ್ನು ಕರೆತಂದ ಕಿಂಗ್‌ಪಿನ್ ಬುದ್ಧಿ ಕಳೆದುಕೊಂಡು ಈಗ ಡೇರೆಯಲ್ಲಿ ಕಸ ಗುಡಿಸುತ್ತಿದ್ದಾನೆ. ಉಳಿದವರಲ್ಲಿ ಕೆಲವರು ಬಾಯಿ ಮುಚ್ಚಿಕೊಂಡರು. ಕೆಲವರು ಹೊಂದಿಕೊಂಡರು, ಒಳ್ಳೆಯ ಹುದ್ದೆಯೂ ಸಿಕ್ಕಿತು. ಇಬ್ಬರು ಓಡಿದರು. ಬೆಲ್‌ಬಾಯ್ ಕೈಚಳಕದವನು, ಆ ಯಂತ್ರದ ಜೋಕರ್‌ಗಳನ್ನೆಲ್ಲ ಮಾಡಿದವನೇ ಅವನು. ಮಕ್ಕಳನ್ನು ನಗಿಸಲೆಂದು ಮಾಡಿದ ಗೊಂಬೆಗಳು ಗೆಳತಿಯ ಸಾವಿಗೆ ಕಾರಣವಾದವರ ಕೈಯಾಳಾದುದನ್ನು ನೋಡುತ್ತಾನೆ. ಕೊನೆಗೆ ಏಸ್ ತಪ್ಪಿಸಿಕೊಳ್ಳಲೆಂದು ತಾನೇ ಆ ಗೊಂಬೆಗಳನ್ನು ತನ್ನ ಮೇಲೆ ಬಿಟ್ಟುಕೊಳ್ಳುತ್ತಾನೆ. ಸಂಜೆ ಏಳೂವರೆಗೆ ಮಕ್ಕಳೂ ನೋಡುವ ಕಾರ್ಯಕ್ರಮದಲ್ಲಿ ಇಂಥದ್ದನ್ನು ತೋರಿಸಲು ಧೈರ್ಯ ಬೇಕಿತ್ತು.

ನಮ್ಮ ಕರಾವಳಿಯ ಓದುಗರಿಗೆ ಡೇರೆ ಮೇಳ ನೆನಪಾದೀತು. ಹರಕೆಯ ಬಯಲಾಟದಲ್ಲಿ ನೋಡುವವನು ಟಿಕೆಟ್ ಕೊಳ್ಳುವುದಿಲ್ಲ. ಡೇರೆ ಬಂದಾಗ ಟಿಕೆಟ್ ಬಂತು, ಟಿಕೆಟ್ ಬಂದಾಗ ಪ್ರೇಕ್ಷಕ ಏನು ಕೇಳುತ್ತಾನೆ ಎಂಬ ಚಿಂತೆ ಬಂತು. ಡೇರೆ ಮೇಳದಿಂದ ಯಕ್ಷಗಾನ ಕೆಟ್ಟಿತು ಎನ್ನುವವರೂ, ಉಳಿಯಿತು ಎನ್ನುವವರೂ ಇಬ್ಬರೂ ನಮ್ಮಲ್ಲಿದ್ದಾರೆ. ಎರಡರಲ್ಲೂ ಸತ್ಯವಿದೆ ಎಂದು ನಾನು ಜಾರಿಕೊಳ್ಳುತ್ತೇನೆ. ಆದರೆ ಡೇರೆಯೊಳಗಿನವರಿಗೆ ಆಟ ನಿಲ್ಲಿಸುವ ಸ್ವಾತಂತ್ರ್ಯ ಇತ್ತು. ಸೈಕಿಕ್ ಸರ್ಕಸ್ಸಿನವರಿಗೆ ಇರುವುದಿಲ್ಲ.

ಸರದಿಗಾಗಿ ಕಾಯುತ್ತಾ ಪಂಜರದಲ್ಲಿ ಕೂತವರ ಭಾಗ ಬಹಳ ಚೆನ್ನಾಗಿದೆ. ನಾರ್ಡ್ ಎಂಬ ಬೈಕ್ ಸವಾರ ಭಾರ ಎತ್ತಿ ಅಂಕ ಗಿಟ್ಟಿಸುತ್ತಾನೆ. ಆಮೇಲೆ ಒಂದು ಜೋಕು ಹೇಳು ಎಂದಾಗ ನಾಲಿಗೆ ಕಟ್ಟುತ್ತದೆ. ಮುಗಿಯಿತು. ಕ್ಯಾಪ್ಟನ್ ಕುಕ್ ಎಂಬ ಹಿರಿಯ ಪ್ರವಾಸಿಗ ಚಹಾ ಹೀರುತ್ತಾ ತಾನು ಕಂಡ ಗ್ರಹಗಳ ಕಥೆ ಕೊರೆಯುತ್ತಾನೆ. ಇಂಥವರೊಬ್ಬರು ಪ್ರತಿ ಹೌಸಿಂಗ್ ಸೊಸೈಟಿಯಲ್ಲಿ ಇದ್ದಾರೆ. ಆದರೆ ಇವನು ಬರೀ ಕೊರೆಯುವವನಲ್ಲ, ಪಕ್ಕದವನನ್ನು ಮುಂದೆ ತಳ್ಳಿ ತಾನು ಉಳಿದುಕೊಳ್ಳುವ ಕಲೆ ಬಲ್ಲವನು. ಜೊತೆಗಿರುವ ಮ್ಯಾಗ್ಸ್ ಎಂಬ ಹುಡುಗಿ ಬೆಳದಿಂಗಳು ಬಿದ್ದರೆ ತೋಳವಾಗುತ್ತಾಳೆ. ಅವಳನ್ನು ಅವನು ಕರೆದುಕೊಂಡು ತಿರುಗುವುದು ಒಂದು ಮಾದರಿಯ ಹಾಗೆ. ತನ್ನ ಸರದಿ ಬಂದಾಗ ರಿಂಗಿಗೆ ಬೆಳದಿಂಗಳಿನ ದೀಪ ಹಾಕಿಸಿ ಅವಳನ್ನೇ ಪ್ರದರ್ಶನ ಮಾಡಿಬಿಡುತ್ತಾನೆ. ಆನೆ, ಹುಲಿ ಇಲ್ಲದ ಈ ಸರ್ಕಸ್ಸಿನಲ್ಲಿ ಪ್ರಾಣಿಯಾಗಬೇಕಾದವಳು ಅವಳು. ನಿಜವಾದ ಸರ್ಕಸ್ಸುಗಳಲ್ಲಿ ಹುಲಿ, ಸಿಂಹ, ಕರಡಿ, ಕೋತಿಗಳ ಆಟಕ್ಕೆ ನಮ್ಮಲ್ಲಿ 1998ರಲ್ಲೇ ನಿಷೇಧ ಬಂತು. ಇಂಗ್ಲೆಂಡಿನಲ್ಲಿ ಕಾಡುಪ್ರಾಣಿಗಳ ನಿಷೇಧ ಜಾರಿಯಾದದ್ದು 2020ರಲ್ಲಿ.

ಇನ್ನೊಬ್ಬ ಇದ್ದಾನೆ, ವಿಜ್ ಕಿಡ್. ಕನ್ನಡಕ, ಬೋ ಟೈ, ಸೈಕಲ್. ಈ ಸರ್ಕಸ್ಸಿನ ಕಟ್ಟಾ ಅಭಿಮಾನಿ, ಅದರ ಚರಿತ್ರೆಯೆಲ್ಲ ಬಾಯಿಪಾಠ. ಹಳೆಯ ಕಾಲದ ಆಟ ತಾನು ನೋಡಿಲ್ಲ, ಈಗ ಮೊದಲಿನಷ್ಟು ಚೆನ್ನಾಗಿಲ್ಲ ಅಂತಲೂ ಗೊತ್ತು, ಆದರೂ ಬಿಡಲಾರೆ ಎನ್ನುವ ಜಾತಿ. ಡಾ. ರಾಜ್ ಅವರ ಕಪ್ಪು ಬಿಳುಪು ಚಿತ್ರಗಳನ್ನು ಬಿಡುಗಡೆಯಾದಾಗ ನೋಡದೇ ಇದ್ದರೂ ಆ ಕಾಲವೇ ಕಾಲ ಎನ್ನುವವರನ್ನು ನೆನೆಸಿಕೊಳ್ಳಿ, ನಾನೂ ಅವರಲ್ಲಿ ಒಬ್ಬ. ಇವನನ್ನು ಕುಕ್ ಹುರಿದುಂಬಿಸಿ ತನ್ನ ಬದಲು ರಿಂಗಿಗೆ ಕಳಿಸುತ್ತಾನೆ. ಹುಡುಗ ಖುಷಿಯಾಗಿ ಹೋಗುತ್ತಾನೆ, ವಾಪಸು ಬರುವುದಿಲ್ಲ. ಡಾಕ್ಟರ್ ಹೂ ಅಭಿಮಾನಿಗಳ ಗೊಣಗಾಟಕ್ಕೆ ಧಾರಾವಾಹಿಯವರು ಕೊಟ್ಟ ಉತ್ತರ ಇದು ಅಂತ ಎಲ್ಲರೂ ಓದುತ್ತಾರೆ. ತಮಾಷೆ ಸರಿ, ಆದರೆ ಆ ಹುಡುಗನ ಸಾವಿನಲ್ಲಿ ಸ್ವಲ್ಪ ಕ್ರೌರ್ಯ ಇದೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಪ್ರೀತಿಸುವವನನ್ನೇ ಯಾಕೆ ಕೊಲ್ಲಬೇಕಿತ್ತು?

ಉತ್ತರ ಬೇಕಾದರೆ ಆಗಿನ ಬಿಬಿಸಿಯನ್ನು ನೋಡಬೇಕು. 1985ರಲ್ಲಿ ಧಾರಾವಾಹಿಯನ್ನು ಹದಿನೆಂಟು ತಿಂಗಳು ತಡೆಹಿಡಿದಿದ್ದರು. ಮತ್ತೆ ಬಂದಮೇಲೆ, 1987ರಿಂದ ಐಟಿವಿಯ ‘ಕೊರೊನೇಷನ್ ಸ್ಟ್ರೀಟ್’ ಎದುರಿಗೆ ಹಾಕಿದರು. ಅದು ಬ್ರಿಟನ್ನಿನ ಮನೆಮನೆಯ ಧಾರಾವಾಹಿ, ಅದರ ಎದುರು ಯಾವುದನ್ನು ಹಾಕಿದರೂ ಸೋಲು ಖಾತ್ರಿ. ಮೇಲಿನವರಿಗೆ ಬೇಜಾರು ಬಂದಿತ್ತು, ಅಂಕದ ಫಲಕ ಅವರ ಕೈಯಲ್ಲಿತ್ತು. ಅದರ ಮೇಲೆ 1988ರ ಬೇಸಿಗೆಯಲ್ಲಿ ಟೆಲಿವಿಷನ್ ಸೆಂಟರಿನ ಸ್ಟುಡಿಯೋದಲ್ಲಿ ಆಸ್ಬೆಸ್ಟಾಸ್ ಸಿಕ್ಕಿ ಬಾಗಿಲು ಹಾಕಿತು. ಹೊರಾಂಗಣದ ಚಿತ್ರೀಕರಣ ಆಗಿದೆ, ಒಳಾಂಗಣಕ್ಕೆ ಜಾಗವಿಲ್ಲ. ಈ ಕಥೆ ಅರ್ಧಕ್ಕೇ ಸತ್ತುಹೋಗುವುದರಲ್ಲಿತ್ತು. ನಿರ್ಮಾಪಕ ಜಾನ್ ನೇಥನ್-ಟರ್ನರ್ ತಂಡದವರು ಏನೇನೋ ಸರ್ಕಸ್ ಮಾಡಿ ಎಲ್‌ಸ್ಟ್ರೀಯ ಬಿಬಿಸಿ ಕಾರ್ ಪಾರ್ಕಿನಲ್ಲಿ ನಿಜವಾದ ಡೇರೆಯನ್ನೇ ಹೊಡೆದು ಅದರೊಳಗೆ ಸೆಟ್ ಹಾಕಿ ಮುಗಿಸಿದರು. ತೆರೆಯ ಮೇಲೆ ಬಟ್ಟೆಯ ಗೋಡೆಗಳು ಗಾಳಿಗೆ ಅಲ್ಲಾಡುವುದು, ಬೆಳಕು ಅದರ ಮೂಲಕ ಸೋಸಿ ಬರುವುದು ಎಲ್ಲಾ ಆ ಆಪತ್ತಿನ ವರ. ಸ್ಟುಡಿಯೋದ ರಟ್ಟಿನ ಗೋಡೆಗಳಾಗಿದ್ದರೆ ಈ ಹೆದರಿಕೆ ಹುಟ್ಟುತ್ತಿರಲಿಲ್ಲ.

ಹೀಗೆ ಅಂಕ ಕೊಡುವವರಿಗೆ ಬೇಸರ ಬಾರದಂತೆ ಆಡುತ್ತಲೇ ಇರಬೇಕಾದ ತಂಡದ ಕಥೆಯನ್ನು ಅಂಥದೇ ಒಂದು ತಂಡ ಡೇರೆಯಲ್ಲಿ ಆಡಿತು. ಒಂದೇ ವರ್ಷ. 1989ರ ಡಿಸೆಂಬರ್ 6ರಂದು ಕೊನೆಯ ಕಂತು ಬಂದು ಧಾರಾವಾಹಿ ನಿಂತಿತು. ಮತ್ತೆ ಧಾರಾವಾಹಿಯಾಗಿ ಎದ್ದದ್ದು 2005ರಲ್ಲಿ.

ನಾಲ್ಕನೆಯ ಕಂತಿನಲ್ಲಿ ಆ ಮೂವರ ನಿಜರೂಪ ತಿಳಿಯುತ್ತದೆ. ರಾಗ್ನರಾಕ್‌ನ ದೇವರುಗಳು, ಕಲ್ಲಿನ ಮೈ, ಕಲ್ಲಿನ ಪೀಠ. ಮನರಂಜನೆಯೇ ಅವರ ಆಹಾರ. ಇಲ್ಲಿ ಪದಕ, ಅದರ ಕಳೆದುಹೋದ ಕಣ್ಣು, ಬಾವಿ ಅಂತ ಕಥೆ ಸ್ವಲ್ಪ ಗಡಿಬಿಡಿಯಲ್ಲಿ ಓಡುತ್ತದೆ, ಒಂದೆರಡು ಗಂಟು ಬಿಚ್ಚುವುದೇ ಇಲ್ಲ. ಅದನ್ನು ಮರೆಸುವುದು ಮೆಕಾಯ್. ಈ ಡಾಕ್ಟರನ ಕೈಯಲ್ಲಿ ಬಂದೂಕಿಲ್ಲ. ಏಸ್ ಬರುವವರೆಗೆ ಹೊತ್ತು ಕಳೆಯಬೇಕು, ಅದಕ್ಕೆ ಜಾದೂ ಮಾಡುತ್ತಾ ನಿಲ್ಲುತ್ತಾನೆ. ಮೆಕಾಯ್ ಮೂಲತಃ ಕೆನ್ ಕ್ಯಾಂಪ್‌ಬೆಲ್ ಅವರ ರಂಗತಂಡದಲ್ಲಿ ಮೂಗಿಗೆ ಮೊಳೆ ಹೊಡೆದುಕೊಳ್ಳುವ ಆಟ ಆಡಿಕೊಂಡಿದ್ದವರು. ಈ ದೃಶ್ಯಕ್ಕಾಗಿ ಜೆಫ್ರಿ ಡರಮ್ ಎಂಬ ಜಾದೂಗಾರ ಅವರಿಗೆ ಕೈಚಳಕ ಹೇಳಿಕೊಟ್ಟರು. ಕೊನೆಗೆ ಅವನು ಡೇರೆಯಿಂದ ಹೊರಗೆ ನಡೆದು ಬರುತ್ತಾನೆ, ಬೆನ್ನ ಹಿಂದೆ ಎಲ್ಲಾ ಸಿಡಿಯುತ್ತದೆ. ಸ್ಫೋಟ ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತಂತೆ. ಮೆಕಾಯ್ ರೆಪ್ಪೆಯನ್ನೂ ಅಲ್ಲಾಡಿಸದೆ ನಡೆದರು, ಮತ್ತೊಂದು ಟೇಕ್ ಸಾಧ್ಯವಿರಲಿಲ್ಲ.

ಅದೇ 1989ರಲ್ಲಿ ನಮ್ಮ ದೂರದರ್ಶನದಲ್ಲೂ ಒಂದು ‘ಸರ್ಕಸ್’ ಬಂತು, ಅಜೀಜ್ ಮಿರ್ಜಾ, ಕುಂದನ್ ಶಾ ನಿರ್ದೇಶನ, ಹೊಸ ಹುಡುಗ ಶಾರುಖ್ ಖಾನ್. ಅಪ್ಪನ ಸರ್ಕಸ್ ಕಂಪನಿಯನ್ನು ಮಗ ನಡೆಸುವ ಕಥೆ. ಅಲ್ಲಿ ಕಣ್ಣು ಇದ್ದದ್ದು ಆಡುವವರ ಮೇಲೆ, ಡೇರೆಯ ಹಿಂದಿನ ಅವರ ಸಂಸಾರದ ಮೇಲೆ. ಬಿಬಿಸಿಯವರ ಸರ್ಕಸ್ ಬೆರಳು ತೋರಿಸಿದ್ದು ಕೂತವರ ಕಡೆಗೆ. ಆ ಮೂವರಿಗೆ ಕೊಂಬು ಕೊಡಬಹುದಿತ್ತು, ಹತ್ತು ತಲೆ ಕೊಡಬಹುದಿತ್ತು. ಕೊಟ್ಟದ್ದು ಅಪ್ಪ, ಅಮ್ಮ, ಮಗಳ ವೇಷ. ಅಂದು ಸಂಜೆ ಟಿವಿ ಹಚ್ಚಿ ಕೂತ ಪ್ರತಿ ಮನೆಯ ಸೋಫಾದಲ್ಲಿ ಇದ್ದದ್ದೂ ಅದೇ. ಈಗ ನಮ್ಮ ಒಂದೂವರೆ ಕೋಣೆಯ ಫ್ಲಾಟಿನಲ್ಲಿ ಏಳು ವರ್ಷದ ಕೂಸು ಹಾಡಿ, ಮೂವರು ತೀರ್ಪುಗಾರರ ಮುಖ ನೋಡುತ್ತಾ ತುಟಿ ನಡುಗಿಸುವುದನ್ನು ಊಟ ಮಾಡುತ್ತಾ ನೋಡುವಾಗ ಒಮ್ಮೊಮ್ಮೆ ನನ್ನ ತುತ್ತು ನಿಲ್ಲುತ್ತದೆ.

ನಾಲ್ಕು ಕಂತು ಸೇರಿ ಸುಮಾರು ನೂರು ನಿಮಿಷ. ಒಂದೇ ಬಾರಿಗೆ ನೋಡಬೇಡಿ, ದಿನಕ್ಕೊಂದರಂತೆ ನೋಡಿದರೆ ಪ್ರತಿ ಕಂತಿನ ಕೊನೆಯ ಬೆಚ್ಚಿಬೀಳುವಿಕೆಗೆ ಬೆಲೆ. ಜೋಕರ್ ಕಂಡರೆ ಅಳುವ ಮಕ್ಕಳಿದ್ದರೆ ಮೊದಲು ನೀವೊಬ್ಬರೇ ನೋಡಿ. ಪಾಪ್‌ಕಾರ್ನ್ ತಿನ್ನುವುದು ಬಿಡುವುದು ನಿಮಗೇ ಬಿಟ್ಟದ್ದು.