ಸಮವಸ್ತ್ರದ ನೆನಪು ಯಾರ ಸೊತ್ತು?

ಕಳೆದ ತಿಂಗಳು ಪುಣೆಯ ನಮ್ಮ ಕನ್ನಡ ಬಳಗದ ಸಭೆಯಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರು ತಮ್ಮ ಉಡುಪುಗಳ ನೆನಪುಗಳನ್ನು ಹಂಚಿಕೊಂಡರು. ರೆಜಿಮೆಂಟಿನ ಟೈ, ಹಿತ್ತಾಳೆ ಗುಂಡಿಯ ಬ್ಲೇಜರ್, ಮೆಸ್ಸಿನ ರಾತ್ರಿಯೂಟಕ್ಕೆ ತೊಡುತ್ತಿದ್ದ ಬಿಗಿಯಾದ ಜಾಕೆಟ್ಟು. ಸೊಗಸಾದ ಮಾತು. ಕೊನೆಯಲ್ಲಿ ಅವರು ನಿಟ್ಟುಸಿರಿಟ್ಟು, ನೌಕಾಪಡೆಯ ಮೆಸ್ಸಿಗೇ ಕುರ್ತಾ-ಪೈಜಾಮಾ ಬಂದ ಮೇಲೆ ಇನ್ನೇನು ಪರಂಪರೆ ಉಳಿಯಿತು ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಮನೆಗೆ ಮರಳುವ ದಾರಿಯಲ್ಲಿ ಆ ಚಪ್ಪಾಳೆಯ ಬಗ್ಗೆ ನನಗೇ ಸಂಕೋಚವಾಯಿತು.

ಅವರ ನೆನಪಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ನೆನಪನ್ನೇ ಇಡೀ ಸೈನ್ಯದ ನೆನಪೆಂದು ನಾವು ಒಪ್ಪಿಕೊಂಡು ಕೂತಿದ್ದೇವೆ. ಸಮವಸ್ತ್ರ ಎಲ್ಲರನ್ನೂ ಸಮಾನರನ್ನಾಗಿಸುತ್ತದೆ ಎಂಬ ಮಾತನ್ನು ಪುನರುಚ್ಚರಿಸುತ್ತೇವೆ. ಸರಕಾರಿ ನೌಕರನಾದ ನನಗೆ ಆದೇಶಗಳನ್ನು ಓದುವ ಅಭ್ಯಾಸವಿದೆ. ಏಳನೇ ವೇತನ ಆಯೋಗದ ಬಳಿಕ, 2017ರಲ್ಲಿ, ವಾರ್ಷಿಕ ಉಡುಪು ಭತ್ಯೆ ನಿಗದಿಯಾದಾಗ ಸೇನಾಧಿಕಾರಿಗೆ 20,000 ರೂಪಾಯಿ, ಅಧಿಕಾರಿ ದರ್ಜೆಗಿಂತ ಕೆಳಗಿನವರಿಗೆ 10,000 ರೂಪಾಯಿ. ಸಮವಸ್ತ್ರದೊಳಗಿನ ಅಂತರಕ್ಕೆ ಇಷ್ಟು ನಿಖರವಾದ ಲೆಕ್ಕವಿರುವಾಗ ಬಿಡುವಿನ ಉಡುಪಿನ ಮಾತೇನು?

ನನ್ನ ಸೋದರಮಾವ 1971ರಲ್ಲಿ ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ಭರ್ತಿಯಾದವರು, ಹವಾಲ್ದಾರರಾಗಿ ನಿವೃತ್ತರಾದರು. ಅವರಿಗೂ ಬಿಡುವಿನ ಉಡುಪಿತ್ತು. ಅದನ್ನೂ 'ಮುಫ್ತಿ' ಎಂದೇ ಕರೆಯುತ್ತಿದ್ದರು. ಬಿಳಿ ಅಂಗಿ, ಗಾಢ ಬಣ್ಣದ ಪ್ಯಾಂಟು, ಇಸ್ತ್ರಿಯ ಗೆರೆ ಮಾಸದಂತೆ ನಡಿಗೆ. ಔಟ್‌ಪಾಸ್ ಸಿಕ್ಕ ಭಾನುವಾರ ಗೇಟಿನಲ್ಲಿ ಕೂದಲಿನಿಂದ ಬೂಟಿನವರೆಗೆ ತಪಾಸಣೆ. ಪುಣೆಯಲ್ಲಿದ್ದಾಗ ಮಾವ ಕ್ಯಾಂಪಿನ ದರ್ಜಿಯೊಬ್ಬನಿಂದ ಬೆಲ್‌ಬಾಟಂ ಹೊಲಿಸಿದರು. ಅದನ್ನು ತೊಟ್ಟು ಹೊರಟ ಮೊದಲ ಭಾನುವಾರವೇ ಗೇಟಿನಿಂದ ವಾಪಸು. ಆಮೇಲೆ ಬೆಲ್‌ಬಾಟಂ ದರ್ಜಿಯ ಅಂಗಡಿಯಲ್ಲೇ ಉಳಿಯಿತು. ಮುಫ್ತಿಯಲ್ಲಿ ಗೇಟು ದಾಟುವುದು, ಅಂಗಡಿಯ ಪರದೆಯ ಹಿಂದೆ ಉಡುಪು ಬದಲಿಸುವುದು, ಸಿನಿಮಾ ನೋಡುವುದು, ಮತ್ತೆ ಬಿಳಿ ಅಂಗಿಯಲ್ಲಿ ಮರಳುವುದು. "ನೋಡ ತಮ್ಮಾ, ವರ್ದಿ ಸರಕಾರದ್ದು, ಮುಫ್ತಿನೂ ಸರಕಾರದ್ದ. ಆ ಬೆಲ್‌ಬಾಟಂ ಒಂದ ನಂದು" ಎಂದು ಅವರು ಈಗಲೂ ನಗುತ್ತಾರೆ. ಬ್ಲೇಜರಿನ ನೆನಪಿಗೆ ತಟ್ಟಿದ ಚಪ್ಪಾಳೆ ಈ ಮಾತಿಗೂ ಸಲ್ಲಬೇಡವೇ?

ಹಳೆಯ ಸಮವಸ್ತ್ರದ ಕುರಿತ ನಮ್ಮ ಹಂಬಲಕ್ಕೂ ಇದೇ ಕುರುಡಿದೆ. ಖಾಕಿಯ ಠೀವಿ, ಆಲಿವ್ ಹಸಿರಿನ ಗಾಂಭೀರ್ಯ ಎಂದೆಲ್ಲ ಬರೆಯುತ್ತೇವೆ. ಖಾಕಿ ಎಂದರೆ ಧೂಳಿನ ಬಣ್ಣ. 1840ರ ದಶಕದಲ್ಲಿ ಪೇಶಾವರದ ಕಡೆಯ ಗೈಡ್ಸ್ ಪಡೆ ಅದನ್ನು ತೊಟ್ಟದ್ದು ನೆಲದೊಡನೆ ಬೆರೆತು ಜೀವ ಉಳಿಸಿಕೊಳ್ಳಲು. ಸೈನಿಕನ ಬಟ್ಟೆಗೆ ಅಂದಕ್ಕಿಂತ ಮೊದಲಿನ ಕೆಲಸ ಅದು. 1962ರಲ್ಲಿ ಹಿಮಾಲಯದ ಎತ್ತರಕ್ಕೆ ನಮ್ಮ ಅನೇಕ ಸೈನಿಕರು ಹತ್ತಿಯ ಬಟ್ಟೆ, ಕ್ಯಾನ್ವಾಸ್ ಬೂಟುಗಳಲ್ಲೇ ಹೋದರು. ಆ ಹಳೆಯ ಸಮವಸ್ತ್ರವನ್ನು ಯಾರೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಹಂಬಲಿಸುವುದಿಲ್ಲ. 2020ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿಯೂ ಎತ್ತರದ ನೆಲೆಗಳ ಸೈನಿಕರಿಗೆ ಬೂಟು, ಹಿಮಗನ್ನಡಕಗಳ ಕೊರತೆಯಾದುದನ್ನು ದಾಖಲಿಸಿತು. ಉಡುಪಿನ ಪರಂಪರೆಗಾಗಿ ಮರುಗುವವರು ಇದಕ್ಕೂ ಮರುಗಬೇಕಿತ್ತು.

ಮೆಸ್ಸಿನ ಉಡುಪಿನ ಕಟ್ಟಳೆ ಶಿಸ್ತಿನ ಭಾಗ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕರ್ತವ್ಯದಲ್ಲಿದ್ದಾಗ ಒಂದೇ ಬಟ್ಟೆ, ಒಂದೇ ಹೆಜ್ಜೆ ಬೇಕು. ಆದರೆ ಊಟದ ಮೇಜಿನಲ್ಲಿ ಟೈ ಕಾಯುವುದು ಬೇಲಿಯನ್ನು. ಅದೇ ಬೇಲಿ 1988ರಲ್ಲಿ ಮುಂಬೈಯ ವಿಲಿಂಗ್ಡನ್ ಕ್ಲಬ್ಬಿನಲ್ಲಿ ಬರಿಗಾಲಿನ ಎಂ. ಎಫ್. ಹುಸೇನರನ್ನು ತಡೆಯಿತು. 2014ರಲ್ಲಿ ಚೆನ್ನೈಯ ಕ್ಲಬ್ಬೊಂದರಲ್ಲಿ ಪಂಚೆಯುಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ತಡೆಯಿತು. ಆ ರಾಜ್ಯ ಅದೇ ವರ್ಷ ಕಾನೂನು ಮಾಡಿ ಅದನ್ನು ಕಿತ್ತಿತು. 2024ರ ಫೆಬ್ರವರಿಯಲ್ಲಿ ನೌಕಾಪಡೆ ತನ್ನ ಅಧಿಕಾರಿಗಳ ಮೆಸ್ಸಿಗೆ ಕುರ್ತಾ-ಪೈಜಾಮಾ ಒಪ್ಪಿದ್ದರಿಂದ ಯಾವ ಹಡಗೂ ಮುಳುಗಲಿಲ್ಲ. ಹಾಗೆಂದು ನಾನು ಹಿಗ್ಗುವುದೂ ಇಲ್ಲ. ಮೆಸ್ಸಿನೊಳಗಿನವರ ಬಟ್ಟೆ ಬದಲಾಯಿತು, ಹೊರಗಿದ್ದವರು ಹೊರಗೇ ಇದ್ದಾರೆ.

ಹೊರಗಿದ್ದವರು ಎಲ್ಲಿಗೆ ಹೋದರು? ನಿವೃತ್ತಿಯ ನಂತರ ಮಾವ ಇದೇ ಪುಣೆಯ ವಸತಿ ಸಮುಚ್ಚಯವೊಂದರ ಗೇಟಿನಲ್ಲಿ ಹದಿನೈದು ವರ್ಷ ಕಾವಲಿದ್ದರು. ಏಜೆನ್ಸಿ ಕೊಟ್ಟ ನೀಲಿ ಬಟ್ಟೆ, ಭುಜದ ಮೇಲೆ ಯಾವ ಪಡೆಗೂ ಸೇರದ ಪಟ್ಟಿ. ನಮ್ಮಂಥವರ ಕಾರಿಗೆ ಅವರು ಸೆಲ್ಯೂಟ್ ಹೊಡೆದರು. ಅದು ಕವಾಯತಿನ ಸೆಲ್ಯೂಟೆಂದು ನಮ್ಮಲ್ಲಿ ಎಷ್ಟು ಜನ ಗುರುತಿಸಿದೆವು? ಸೈನ್ಯದ ಆಲಿವ್ ಜೆರ್ಸಿ ಈಗ ಊರಿನಲ್ಲಿದೆ. ಮೊಣಕೈಗೆ ತೇಪೆ ಹಾಕಿಸಿಕೊಂಡು, ಚಳಿಗಾಲದ ರಾತ್ರಿ ಕಬ್ಬಿಗೆ ನೀರು ಹಾಯಿಸಲು ಹೋಗುತ್ತದೆ. ಬೆಲ್‌ಬಾಟಂ ತೊಟ್ಟ ಮಾವನ ಫೋಟೋ ಒಂದೂ ಇಲ್ಲ.

ಆದ್ದರಿಂದ ನಮ್ಮ ಬಳಗಗಳಿಗೆ, ದೆಹಲಿ, ಹೈದರಾಬಾದ್, ಚೆನ್ನೈಗಳ ಕನ್ನಡ ಸಂಘಗಳಿಗೂ, ನನ್ನದೊಂದು ಒತ್ತಾಯ. ಅಧಿಕಾರಿಗಳನ್ನು ಕರೆಯಿರಿ, ಗೌರವದಿಂದ ಕೇಳಿ. ಆದರೆ ಮುಂದಿನ ಸಲ ವೇದಿಕೆಯ ಕುರ್ಚಿಯನ್ನು ಸಿಪಾಯಿಗೂ, ನಾಯಕನಿಗೂ, ಹವಾಲ್ದಾರನಿಗೂ, ದಂಡು ಪ್ರದೇಶದ ದರ್ಜಿಗೂ ಕೊಡಿ. ಇಂಗ್ಲಿಷಿನಲ್ಲಿ ಅಧಿಕಾರಿಗಳ ಆತ್ಮಕಥೆಗಳಿಗೆ ಬರವಿಲ್ಲ. ಸಿಪಾಯಿಯ ನೆನಪಿರುವುದು ಕನ್ನಡದಲ್ಲಿ, ಅದನ್ನು ಬರೆದುಕೊಳ್ಳಬೇಕಾದವರು ನಾವು. ಮಾವನಿಗೆ ಈಗ 73 ವರ್ಷ. ಕಿವಿ ಮಂದವಾಗಿದೆ, ಮಾತು ಇನ್ನೂ ಸ್ಪಷ್ಟವಾಗಿದೆ. ಮುಂದಿನ ಸಭೆಗೆ ಅವರನ್ನು ಕರೆತರುತ್ತೇನೆ. ಯಾವ ಬಟ್ಟೆಯಲ್ಲಿ ಬರಬೇಕೆಂದು ದಯವಿಟ್ಟು ಯಾರೂ ಕೇಳಬೇಡಿ.