ಪರದೆಯೊಳಗಿನ ಚಾಕುವಿಗೆ ನ್ಯಾಯವಾದ ಬೆಲೆ ಎಷ್ಟು?

ಕಂಪ್ಯೂಟರ್ ಪರದೆಯ ಮೇಲಷ್ಟೇ ಇರುವ ಚಾಕುವಿನಿಂದ ತರಕಾರಿ ಹೆಚ್ಚಲು ಬಾರದು. ಆದರೂ ‘ಕೌಂಟರ್-ಸ್ಟ್ರೈಕ್’ ಎಂಬ ಆಟದಲ್ಲಿ ಅಂಥ ಚಾಕುಗಳು ನೂರಾರು, ಕೆಲವೊಮ್ಮೆ ಸಾವಿರಾರು ಡಾಲರಿಗೆ ಮಾರಾಟವಾಗುತ್ತವೆ. ಇದನ್ನು ಹುಡುಗರ ಹುಚ್ಚಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಹಾಸನದಲ್ಲಿ ಕುಳಿತ ವಿದ್ಯಾರ್ಥಿಯೂ ಇಂದು ಇಂಥದನ್ನು ಕೊಳ್ಳಬಲ್ಲ. ಮೋಸಹೋದರೆ ಅವನ ತಂದೆ ಸೈಬರ್ ಅಪರಾಧ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಅಲ್ಲಿ ದೂರಿನಲ್ಲಿ ನಷ್ಟದ ಮೊತ್ತ ಎಷ್ಟೆಂದು ಬರೆಯಬೇಕು? ಕೊಂಡಾಗ ಕೊಟ್ಟದ್ದೇ, ಇಂದು ಮಾರುವವರು ಕೇಳುತ್ತಿರುವುದೇ, ಅಥವಾ ಸೊನ್ನೆಯೇ?

ವಿರಳವಾದುದಕ್ಕೆ ಬೆಲೆ ಹೆಚ್ಚು ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ವಿರಳತೆಯನ್ನು ಇಲ್ಲಿ ಲೆಕ್ಕ ಹಾಕಲೂ ಬರುತ್ತದೆ. ಈ ಆಟದ ಮುಚ್ಚಿದ ಪೆಟ್ಟಿಗೆಯೊಂದನ್ನು ತೆರೆಯುವ ಕೀಲಿಗೆ ಎರಡೂವರೆ ಡಾಲರ್. ಚಾಕುವಿನಂಥ ಅತಿವಿರಳ ವಸ್ತು ಸಿಗುವ ಸಂಭವ ಶೇ 0.26. ಅಂದರೆ ಸರಾಸರಿ 385 ಪೆಟ್ಟಿಗೆ ತೆರೆದರೆ ಒಂದು. ಕೀಲಿಗಳ ಖರ್ಚೇ 960 ಡಾಲರ್ ದಾಟುತ್ತದೆ. ನಡುವೆ ಸಿಗುವ ಸಾಮಾನ್ಯ ವಸ್ತುಗಳ ಬೆಲೆಯನ್ನು ಕಳೆದರೆ ಉಳಿಯುವುದು ಒಂದು ಚಾಕುವಿನ ‘ಉತ್ಪಾದನಾ ವೆಚ್ಚ’. ಹಲವರು ಇದನ್ನೇ ನ್ಯಾಯವಾದ ಬೆಲೆ ಎಂದು ನಂಬಿದ್ದರು.

ಆ ನಂಬಿಕೆ ಒಡೆದದ್ದು 2025ರ ಅಕ್ಟೋಬರ್‌ನಲ್ಲಿ. ಆಟದ ಒಡೆತನವಿರುವ ಅಮೆರಿಕದ ವಾಲ್ವ್ ಕಂಪನಿ ಒಂದು ಹೊಸ ನಿಯಮ ತಂದಿತು: ಚಾಕುವಿಗಿಂತ ಒಂದು ಮೆಟ್ಟಿಲು ಕೆಳಗಿನ ಐದು ವಸ್ತುಗಳನ್ನು ಒಪ್ಪಿಸಿದರೆ ಒಂದು ಚಾಕು ಅಥವಾ ಕೈಗವಸು ಪಡೆಯಬಹುದು. ಅಂದಿನಿಂದ ಚಾಕುವಿನ ಬೆಲೆ ಆ ಐದು ವಸ್ತುಗಳ ಮೊತ್ತವನ್ನು ಅನುಸರಿಸತೊಡಗಿತು. ಕೆಳದರ್ಜೆಯವು ಏರಿದವು, ಚಾಕುಗಳು ಕುಸಿದವು. ಕೆಲವೇ ದಿನಗಳಲ್ಲಿ ಇಡೀ ಮಾರುಕಟ್ಟೆಯ ಮೌಲ್ಯದಲ್ಲಿ 200 ಕೋಟಿ ಡಾಲರಿಗೆ ಸಮೀಪದ ಮೊತ್ತ ಕರಗಿತೆಂದು ವರದಿಗಳಾದವು. ಬೆಳೆ ಕೆಟ್ಟಿರಲಿಲ್ಲ, ಬೇಡಿಕೆಯೂ ಬತ್ತಿರಲಿಲ್ಲ. ಕಂಪನಿ ನಿಯಮದ ಒಂದು ಸಾಲು ತಿದ್ದಿತ್ತು, ಅಷ್ಟೆ. (ಇದೇ ಕಂಪನಿ 2012ರಲ್ಲಿ ತನ್ನ ಮಾರುಕಟ್ಟೆಯ ಅಧ್ಯಯನಕ್ಕೆ ಅರ್ಥಶಾಸ್ತ್ರಜ್ಞ ಯಾನಿಸ್ ವರುಫಾಕಿಸ್ ಅವರನ್ನು ನೇಮಿಸಿಕೊಂಡಿತ್ತು. ಅವರು ಮುಂದೆ ಗ್ರೀಸಿನ ಹಣಕಾಸು ಸಚಿವರಾದರು.)

ನಮ್ಮ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ಅಲ್ಲಿನ ಬೆಲೆಯ ಬಗ್ಗೆ ಬೆಳೆಗಾರರಿಗೆ ತಕರಾರು ಇಲ್ಲದ ವರ್ಷವೇ ಅಪರೂಪ. ಆದರೂ ಆ ವ್ಯವಸ್ಥೆಯಲ್ಲಿ ಒಂದು ಗುಣವಿದೆ: ರಾಜ್ಯದಲ್ಲಿ ಎಷ್ಟು ತಂಬಾಕು ಬೆಳೆಯಬಹುದೆಂಬ ಮಿತಿಯನ್ನು ತಂಬಾಕು ಮಂಡಳಿ ಮೊದಲೇ ನಿಗದಿಪಡಿಸುತ್ತದೆ, ಬೇಲುಗಳಿಗೆ ದರ್ಜೆ ಕಟ್ಟಲಾಗುತ್ತದೆ, ಕೂಗಿದ ಬೆಲೆ ಎಲ್ಲರಿಗೂ ತಿಳಿಯುತ್ತದೆ. ಚನ್ನರಾಯಪಟ್ಟಣದ ತೆಂಗು ಬೆಳೆಗಾರನಿಗೆ ಇನ್ನೊಂದು ಆಸರೆ ಇದೆ. ಉಂಡೆ ಕೊಬ್ಬರಿಗೆ 2025ರ ಹಂಗಾಮಿನಲ್ಲಿ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಇತ್ತು. ಆ ವರ್ಷ ಪೇಟೆಯ ಧಾರಣೆ ಅದಕ್ಕಿಂತ ಬಹಳ ಮೇಲೆ ಹೋಯಿತೆಂಬುದು ಬೇರೆ ಮಾತು, ನೆಲಗಟ್ಟು ಒಂದಿತ್ತು. ಪರದೆಯ ಚಾಕುವಿಗೆ ಅಂಥ ನೆಲಗಟ್ಟಿಲ್ಲ.

ಭಾರತದಲ್ಲಿ ನೆಲವೇ ಮಾಯವಾದ ಉದಾಹರಣೆಗಳೂ ಉಂಟು. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. ಅದರ ಬದಲಿಗೆ ಬಂದ ಬಿಜಿಎಂಐ 2022ರ ಜುಲೈನಲ್ಲಿ ಸ್ಥಗಿತಗೊಂಡು 2023ರ ಮೇ ತಿಂಗಳಲ್ಲಿ ಮರಳಿತು. ನಡುವಿನ ಹತ್ತು ತಿಂಗಳು ಅದರೊಳಗಿನ ವಿರಳ ಉಡುಪು, ಬಂದೂಕುಗಳ ಬೆಲೆ ಏನಾಗಿತ್ತೆಂದು ಊಹಿಸಬಹುದು. ಕಂಪನಿಗಳ ಕರಾರು ಓದಿದರೆ ವಿಷಯ ಇನ್ನೂ ಸ್ಪಷ್ಟ: ಆಟಗಾರನಿಗೆ ದೊರೆಯುವುದು ಬಳಕೆಯ ಪರವಾನಗಿ ಮಾತ್ರ, ಒಡೆತನವಲ್ಲ. ಕಂದಾಯದ ಭಾಷೆಯಲ್ಲಿ ಹೇಳುವುದಾದರೆ ಇದು ಅನುಭವದ ಹಕ್ಕು. ಖಾತೆ ಕಂಪನಿಯ ಹೆಸರಿನಲ್ಲಿದೆ.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ಹೊಳೆನರಸೀಪುರದಲ್ಲಿ ನಿವೇಶನ ಕೊಳ್ಳುವವನು ಮಾರುವವನು ಹೇಳಿದ ದರವನ್ನು ನಂಬುವುದಿಲ್ಲ. ನೋಂದಣಿ ಕಚೇರಿಯ ಮಾರ್ಗಸೂಚಿ ದರ ನೋಡುತ್ತಾನೆ, ಪಕ್ಕದ ನಿವೇಶನ ಎಷ್ಟಕ್ಕೆ ಹೋಯಿತೆಂದು ವಿಚಾರಿಸುತ್ತಾನೆ. ಇಲ್ಲಿಯೂ ಕೇಳುವ ಬೆಲೆಯನ್ನು ಬದಿಗಿಟ್ಟು, ಇತ್ತೀಚೆಗೆ ನಿಜವಾಗಿ ಮಾರಾಟವಾದ ಬೆಲೆಗಳ ನಡುಮಧ್ಯದ ಅಂಕಿಯನ್ನು ಹಿಡಿಯಬೇಕು. ಅದರಿಂದ ದಲ್ಲಾಳಿ ಕಳೆಯಬೇಕು: ವಾಲ್ವ್ ನಡೆಸುವ ‘ಸ್ಟೀಮ್’ ಮಾರುಕಟ್ಟೆಯಲ್ಲಿ ಈ ಆಟದ ವಸ್ತುವಿಗೆ ಕೊಳ್ಳುವವನು 115 ಕೊಟ್ಟರೆ ಮಾರುವವನಿಗೆ ಸೇರುವುದು 100. ಆ ನೂರನ್ನೂ ಬ್ಯಾಂಕಿಗೆ ತರಲಾಗದು, ಅಲ್ಲಿಯೇ ಖರ್ಚು ಮಾಡಬೇಕು. ಆದ್ದರಿಂದ ನಗದಿನ ಬೆಲೆ ಅದಕ್ಕಿಂತ ಕಡಿಮೆಯೇ. ನಿಯಮ ಬದಲಾದೀತೆಂಬ ಭಯಕ್ಕೂ ಒಂದಿಷ್ಟು ಕಳೆದರೆ ಉಳಿಯುವುದು ತಕ್ಕ ಬೆಲೆ. ನನ್ನ ಅಂದಾಜಿನಲ್ಲಿ ಪರದೆಯ ಮೇಲೆ ಕಾಣುವ ಅಂಕಿಯ ಅರ್ಧದಿಂದ ಮುಕ್ಕಾಲು ಪಾಲಿನ ನಡುವೆ ಅದು ಇರಬೇಕು. ಠಾಣಾಧಿಕಾರಿಗೂ ನ್ಯಾಯಾಲಯಕ್ಕೂ ಇದೇ ಕ್ರಮ ಸಾಕು.

ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಟ್ಟು ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮನ್ನಣೆ ನೀಡಿದೆ. ಆಟಗಾರರು ತಮ್ಮೊಳಗೆ ನಡೆಸುವ ಈ ಕೊಡುಕೊಳ್ಳುವಿಕೆಯ ಬೆಲೆ ಅದರ ಮುಖ್ಯ ಕಾಳಜಿಯಲ್ಲ. ಸರ್ಕಾರ ಬೆಲೆ ನಿಗದಿ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆ ಕೆಲಸದಲ್ಲಿ ನಮ್ಮ ಇಲಾಖೆಗಳ ಸಾಮರ್ಥ್ಯ ಎಷ್ಟೆಂದು ಒಳಗಿದ್ದು ಕಂಡವನು ನಾನು. ಆದರೆ ಮಾರಾಟದಲ್ಲಿ ದಲ್ಲಾಳಿ ಪಡೆಯುವ ಕಂಪನಿ, ವಿರಳ ವಸ್ತುಗಳ ಪೂರೈಕೆಯನ್ನು ಬದಲಿಸುವ ಮುನ್ನ ತೊಂಬತ್ತು ದಿನಗಳ ಸೂಚನೆ ಕೊಡಲಿ ಎಂದು ನಿಯಮ ಮಾಡಬಹುದು. ರಾಮನಾಥಪುರದ ಬೆಳೆಗಾರನಿಗೆ ಬಿತ್ತನೆಗೆ ಮುಂಚೆ ಸಿಗುವ ಮಾಹಿತಿಗಿಂತ ಅದು ಹೆಚ್ಚಿನದೇನೂ ಅಲ್ಲ.